ಕಲ್ಲಿನ ವೀರನೂ ಮಕ್ಕಳ ಕಾಗದವೂ

ವೇಮಗಲ್ಲಿನಿಂದ ಹೊರಟು ಕೋಲಾರದ ಸೀಮೆಯಲ್ಲಿ ಯಾವ ದಿಕ್ಕಿಗೆ ನಡೆದರೂ, ಕೆರೆಯೇರಿಯ ಮಗ್ಗುಲಲ್ಲಿಯೋ ಹುಣಿಸೆಯ ತೋಪಿನ ಅಂಚಿನಲ್ಲಿಯೋ ಅರೆಪಾಲು ಮಣ್ಣಿನಲ್ಲಿ ಹೂತು ಓರೆಯಾಗಿ ನಿಂತ ವೀರಗಲ್ಲೊಂದು ಎದುರಾಗುವ ಸಂಭವವುಂಟು. ಕುವಲಾಲವೆಂದು ಹೆಸರಾಗಿದ್ದ ಕೋಲಾರವು ಗಂಗರಸರ ಮೊದಲ ರಾಜಧಾನಿ. ಅವರು ತಲಕಾಡಿಗೆ ಹೋಗಿ ನೆಲಸಿದ ಮೇಲೆಯೂ ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಗಂಗರು, ಬಾಣರು, ನೊಳಂಬರು, ವೈದುಂಬರು ಎಂಬೀ ಮನೆತನಗಳ ಎಲ್ಲೆಗಳು ಇಲ್ಲಿ ಒಂದನ್ನೊಂದು ಒತ್ತುತ್ತಿದ್ದುವಾದುದರಿಂದ, ಅರಸರ ಜಗಳದ ಬೆಂಕಿಯು ಮೊದಲು ತಗುಲುತ್ತಿದ್ದುದು ಊರಿನ ದನದ ಹಟ್ಟಿಗೆ.

ಈ ಕಲ್ಲುಗಳ ವೀರರು ಬಹುಮಟ್ಟಿಗೆ ರಾಜರಲ್ಲ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳನ್ನು ನೋಡಿದರೆ ಸಾಕು: ದನಗಳ ಅಪಹರಣವಾದ ‘ತುರುಗೊಳ್’, ಊರನ್ನೇ ಸುಲಿದು ಹಾಳುಗೆಡಹುವ ‘ಊರಳಿವು’, ಹೆಣ್ಣಿನ ಮಾನಕ್ಕೊದಗಿದ ಆಪತ್ತಿನ ಕೂಗಾದ ‘ಪೆಣ್ಬುಯ್ಯಲ್’. ಕೂಗು ಕೇಳಿ ಕೈಗೆ ಸಿಕ್ಕಿದ ಆಯುಧವನ್ನು ಹಿಡಿದು ಓಡಿದ ಒಕ್ಕಲಿನವನು ಮಡಿದರೆ, ಅವನ ಮನೆಯವರಿಗೆ ‘ಬಾಳ್ಗಳ್ಚು’ ಎಂದೂ ‘ನೆತ್ತರುಗೊಡಗೆ’ ಎಂದೂ ಭೂಮಿಯನ್ನು ಬಿಡುತ್ತಿದ್ದರು. ಕತ್ತಿಯನ್ನು ತೊಳೆದ ದತ್ತಿ, ನೆತ್ತರಿಗಿತ್ತ ಕೊಡುಗೆ. ಶೌರ್ಯವನ್ನು ಹೊಗಳಿ ಸುಮ್ಮನಾಗದೆ, ಮಡಿದವನ ಮಕ್ಕಳಿಗೆ ಉಣ್ಣಲು ನೆಲವಿರಬೇಕೆಂದು ಚಿಂತಿಸಿದ ಆ ಸಮಾಜದ ವಿವೇಕವು ನನಗೆ ಯಾವ ಮಹಾಯುದ್ಧದ ವರ್ಣನೆಗಿಂತಲೂ ಹಿರಿದಾಗಿ ಕಾಣುತ್ತದೆ.

ಈ ಕಲ್ಲುಗಳ ಬರಹಗಳನ್ನು ಮೊದಲು ವಿಸ್ತಾರವಾಗಿ ಸಂಗ್ರಹಿಸಿದವರು ಶಾಲೆಗಳೊಡನೆ ಸಂಬಂಧವಿದ್ದವರೇ ಎಂಬುದು ಸಂತೋಷದ ಸಂಗತಿ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮಹಾಶಯರು ಶಾಲೆಗಳ ಇನ್‌ಸ್ಪೆಕ್ಟರಾಗಿ ಮೈಸೂರು ಸೀಮೆಯ ಹಳ್ಳಿಗಳನ್ನು ಸುತ್ತಿದವರು. ಕೋಲಾರ ಜಿಲ್ಲೆಯ ಶಾಸನಗಳನ್ನೊಳಗೊಂಡ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟವು 1905ರಲ್ಲಿ ಹೊರಬಂದಿತು. ಶಾಸನದ ಪ್ರತಿಯನ್ನು ತೆಗೆಯುವಾಗ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಅಕ್ಷರದ ಹಳ್ಳಕ್ಕೆ ಅದು ಇಳಿಯುವವರೆಗೆ ಕುಂಚದಿಂದ ಬಡಿದು, ಮೇಲೆ ಮಸಿಯ ಉಂಡೆಯನ್ನೊತ್ತಿದರೆ ನೆಲವೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ, ಪಡಿಯಚ್ಚೆಂಬುದು ಇದೇ.

ಮಸಿಯ ಕೆಲಸ ಬಲ್ಲವರಿಗೇ ಇರಲಿ. ನನ್ನ ಶಾಲೆಯ ಮಕ್ಕಳಿಗೆ ಕಾಗದ, ಪೆನ್ಸಿಲು, ತಾಳ್ಮೆ ಇಷ್ಟು ಸಾಕು. ತರಗತಿಯಲ್ಲಿ ಕುಳ್ಳಿರಿಸಿ ‘ವೀರನನ್ನು ಬರೆಯಿರಿ’ ಎಂದಾಗ ಅವರು ಬರೆದುಕೊಟ್ಟುದು ಕಿರೀಟ, ಕುದುರೆ, ಹುರಿಮೀಸೆ. ಅದೇ ಮಕ್ಕಳನ್ನು ಏರಿಯ ಮೇಲಿನ ಕಲ್ಲಿನ ಮುಂದೆ ಒಂದು ಬೆಳಗ್ಗೆ ಕುಳ್ಳಿರಿಸಿದೆನು. ಓರೆಬಿಸಿಲು ಬಿದ್ದಾಗ ಮಾತ್ರ ಎದ್ದು ಕಾಣುವ ಕೆತ್ತನೆ ಅದು: ಮುಂದಕ್ಕೆ ಮಡಿಸಿದ ಮೊಣಕಾಲು, ಬಿಗಿದ ಮುಡಿ, ಹಿಡಿದ ಬಿಲ್ಲು, ಎದೆಗೆ ನಟ್ಟ ಬಾಣಗಳು, ಮೇಲಿನ ಮೂಲೆಯಲ್ಲಿ ಅವನನ್ನು ಕರೆದೊಯ್ಯಲು ಬಂದ ಚಾಮರದ ಅಪ್ಸರೆಯರು. ‘ಬಾಣ ತಗುಲಿದರೂ ಇವನು ಹಿಂದಕ್ಕೆ ಬಾಗಿಲ್ಲವಲ್ಲ ಸಾರ್’ ಎಂದು ಒಬ್ಬ ಹುಡುಗಿ ಹೇಳಿದಳು. ಆ ಕಾಲನ್ನು ಮೂರು ಸಲ ಅಳಿಸಿ ಬರೆದವಳಿಗಲ್ಲದೆ ಬೇರೆಯವರಿಗೆ ಅದು ಹೊಳೆಯುವುದು ಸುಲಭವಲ್ಲ.

ವೀರನೆಂದರೆ ಮನುಷ್ಯನೇ ಆಗಬೇಕೆಂಬ ನಿಯಮವೂ ನಮ್ಮ ಹಿರಿಯರಿಗಿರಲಿಲ್ಲ. ಕ್ರಿ. ಶ. 949–50ರ ಆತಕೂರಿನ ಕಲ್ಲಿನಲ್ಲಿ ಕಾಳಿಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡುತ್ತಿದೆ, ಎರಡೂ ಮಡಿದುವು. ಒಡೆಯನಾದ ಮಣಲೆರನು ಅದಕ್ಕೆ ಕಲ್ಲು ನಿಲ್ಲಿಸಿದನು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಶಿಲೆಯ ಕಥೆಯನ್ನು ಹೇಳಿದಾಗ ಮಕ್ಕಳು ಎರಡನೆಯ ಸಲ ಹೇಳಿಸಿಕೊಳ್ಳದೆ ಬಿಡಲಿಲ್ಲ. ಕಲ್ಲಿನ ಕೆಲಸವಾದರೂ ಈ ಸೀಮೆಯಲ್ಲಿ ಸತ್ತಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇಂದಿಗೂ ಉಳಿಯ ಸದ್ದು ಕೇಳುತ್ತದೆ.

ಅಂದು ಏರಿಯ ಮೇಲೆ ಮಕ್ಕಳು ಬರೆದ ಚಿತ್ರಗಳಲ್ಲಿ ಒಂದನ್ನು ನಾನು ಇಟ್ಟುಕೊಂಡಿದ್ದೇನೆ. ಶಿಲ್ಪಿಯು ಕಲ್ಲಿನ ಕೆಳಮೂಲೆಯಲ್ಲಿ ಬೆರಳಿನಷ್ಟು ಮಾತ್ರ ತೋರಿಸಿದ್ದ ದನಗಳನ್ನು, ಬೆಳಗಾದರೆ ಡೇರಿಗೆ ಹಾಲು ಹಾಕಿ ಬರುವ ಮನೆಯ ಹುಡುಗನೊಬ್ಬನು ಕಾಗದದ ಮುಕ್ಕಾಲು ಪಾಲು ತುಂಬುವಂತೆ ಬರೆದಿದ್ದನು. ಪ್ರತಿಯೊಂದರ ಕೊರಳಿಗೂ ಗಂಟೆ ಕಟ್ಟಿದ್ದನು. ವೀರನು ಅಂಚಿನಲ್ಲಿ ಚಿಕ್ಕವನಾಗಿದ್ದಾನೆ. ಹಸುಗಳೆಲ್ಲವೂ ಊರಿನ ಕಡೆಗೆ ಮುಖ ಮಾಡಿವೆ.