ಹಾಲಿನ ನಂಟು

ಗುಬ್ಬಿಯಲ್ಲಿ ನಮ್ಮ ಮನೆಯೆದುರು ಕುಂಬಾರರ ಮನೆ. ಆ ಮನೆಯ ಬಾಣಂತಿ ಜ್ವರದಿಂದ ಮಲಗಿದಾಗ, ನನ್ನ ತಂಗಿಗೆ ಹಾಲೂಡಿಸುತ್ತಿದ್ದ ಅಮ್ಮಿ ಆ ಮಗುವನ್ನೂ ಮಡಿಲಿಗೆ ಎತ್ತಿಕೊಂಡರು. ತಂಗಿಗೆ ಅವನು 'ದೂಧ್ ಶರೀಕ್ ಭಾಯಿ', ಹಾಲು ಹಂಚಿಕೊಂಡ ಅಣ್ಣ. ಅವಳ ನಿಕಾಹ್‌ದಿನ ಬಾಗಿಲಲ್ಲಿ ನಿಂತು ಬಂದವರನ್ನು ಕರೆದವನು ಅವನೇ.

ಈ ನಂಟು ಹಳೆಯದು. ಮಕ್ಕಾದ ಕುರೈಶರು ಕೂಸುಗಳನ್ನು ಮರುಭೂಮಿಯ ಬುಡಕಟ್ಟಿನವರ ಬಳಿ ಬೆಳೆಸುತ್ತಿದ್ದರು. ಪ್ರವಾದಿಯವರಿಗೆ ಮೊದಲು ಸುವೈಬಾ, ಆಮೇಲೆ ಬನೂ ಸಅದ್ ಬುಡಕಟ್ಟಿನ ಹಲೀಮಾ ಹಾಲೂಡಿಸಿದರು. ಕುರ್‌ಆನ್ ಎರಡು ವರ್ಷ ಹಾಲೂಡಿಸುವುದನ್ನು ಹೇಳುತ್ತದೆ. ಹಾಲೂಡಿಸಿದ ತಾಯಿಯನ್ನೂ ಅವಳ ಮಗಳನ್ನೂ ಮದುವೆಯಾಗಬಾರದವರ ಸಾಲಿಗೆ ಸೇರಿಸುತ್ತದೆ. ಮೊಗಲ್ ದರ್ಬಾರಿನಲ್ಲಿ ಅಕ್ಬರನಿಗೆ ಹಾಲೂಡಿಸಿದ ಜೀಜಿ ಅಂಗಾಳ ಮಗ ಅಜೀಜ್ 'ಕೋಕಾ' ಎಂದೇ ಹೆಸರಾದ. ಕೋಕಾ ಎಂದರೆ ಹಾಲಣ್ಣ.

ನಮ್ಮ ಮನೆಗೆ ಈ ಇತಿಹಾಸ ಬಂದದ್ದು ತುಮಕೂರಿನ ಒಂದು ಆಸ್ಪತ್ರೆಯಲ್ಲಿ. ಕುಣಿಗಲ್ಲಿಗೆ ಕೊಟ್ಟಿದ್ದ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಗಾಜಿನ ಪೆಟ್ಟಿಗೆಯಲ್ಲಿ, ಹೀರುವ ಶಕ್ತಿಯಿಲ್ಲ. ಹಳದಿ ಗಿಣ್ಣಹಾಲನ್ನು ಚೆಲ್ಲಬೇಕೆಂದು ಮನೆಯ ಹಿರಿಯರು. ಅದೇ ಮೊದಲ ಲಸಿಕೆಯೆಂದು ದಾದಿ. ದಾದಿಯ ಮಾತೇ ಗೆದ್ದಿತು. ಎರಡು ಮೂರು ಗಂಟೆಗೊಮ್ಮೆ ಅವಳು ಕೈಯಿಂದ ಹಿಂಡಿದಳು. ಮೊದಲ ದಿನ ಬಂದದ್ದು ಚಮಚದ ತಳ ತೇವಗೊಳಿಸುವಷ್ಟು. ಪಕ್ಕದ ಹಾಸಿಗೆಯ ತಾಯಿ ತನ್ನ ಹಾಲು ಕೊಡುತ್ತೇನೆಂದಳು. ಹಿರಿಯರು ಸುಮ್ಮನಾದರು. ನಾಳೆ ಈ ಮಕ್ಕಳಲ್ಲಿ ಯಾರು ಯಾರನ್ನು ಮದುವೆಯಾಗುತ್ತಾರೋ ಎಂಬ ಭಯ.

ಈ ಭಯವನ್ನು ಹಗುರವಾಗಿ ಕಾಣಬೇಕಿಲ್ಲ. ಐದು ಬಾರಿ ಕುಡಿದರೆ ಮಾತ್ರ ನಂಟು ಎನ್ನುತ್ತದೆ ಕರಾವಳಿಯಲ್ಲಿ ಹೆಚ್ಚಾಗಿ ಪಾಲಿಸುವ ಶಾಫಿ ಪಂಥ. ಸ್ವಲ್ಪ ಕುಡಿದರೂ ಸಾಕು ಎನ್ನುತ್ತದೆ ನಮ್ಮ ಕಡೆಯ ಹನಫಿ ಪಂಥ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ದೇಶದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ 2022ರಲ್ಲಿ 'ಅಮೃತಧಾರೆ' ಬಂತು. ಇಂಥ ಬ್ಯಾಂಕುಗಳಲ್ಲಿ ಕೊಡುವ ತಾಯಂದಿರ ರಕ್ತ ಪರೀಕ್ಷಿಸುತ್ತಾರೆ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಆದರೆ ಸಾಮಾನ್ಯವಾಗಿ ಹಲವರ ಹಾಲು ಒಂದೇ ಪಾತ್ರೆಗೆ ಬೀಳುತ್ತದೆ. ಆಗ ತಾಯಿ ಯಾರು? ಜಿದ್ದಾದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 1985ರಲ್ಲಿ ಬೇಡವೆಂದಿತು. ಎದೆಯಿಂದ ನೇರ ಕುಡಿದರಷ್ಟೇ ನಂಟೆಂದು ಯೂಸುಫ್ ಅಲ್ ಕರ್ಜಾವಿ ಅನುಮತಿಸಿದ್ದರು. ಯುರೋಪಿನ ಫತ್ವಾ ಮಂಡಳಿ 2004ರಲ್ಲಿ ಅಗತ್ಯವಿದ್ದಾಗ ಆಗಬಹುದೆಂದಿತು.

ಈ ಜಿಜ್ಞಾಸೆಯ ನಡುವೆ ಡಬ್ಬಿಹಾಲು ಸದ್ದಿಲ್ಲದೆ ಒಳಗೆ ಬರುತ್ತದೆ. ಅದರ ಜಾಹೀರಾತನ್ನು ನಮ್ಮ 1992ರ ಕಾನೂನು ನಿಷೇಧಿಸಿದೆ. ದಿನ ತುಂಬದ ಕೂಸಿಗೆ ಡಬ್ಬಿಹಾಲಿನಿಂದ ಕರುಳು ಕೊಳೆಯುವ ರೋಗದ ಅಪಾಯ ಹೆಚ್ಚು.

ಕೊನೆಗೆ ತಂಗಿಯ ಹಾಲೇ ಇಳಿಯಿತು. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದೆಂದು ಕಲಿತಳು. ಹತ್ತೊಂಬತ್ತನೆಯ ದಿನ ಕೂಸು ಎದೆಗೆ ಬಾಯಿಟ್ಟಿತು. ಎಲ್ಲ ತಾಯಂದಿರಿಗೂ ಹೀಗಾಗುವುದಿಲ್ಲ. ಹಾಲು ಕೊಟ್ಟವಳ ಹೆಸರು ಬರೆದಿಟ್ಟು, ಒಬ್ಬಳ ಹಾಲನ್ನು ಒಂದು ಕೂಸಿಗೆ ಕೊಡುವ ಏರ್ಪಾಡನ್ನು ನಮ್ಮ ಜಮಾಅತ್‌ಗಳೂ ವೈದ್ಯರೂ ಕೂತು ಮಾತಾಡಬಹುದು. ಆ ರಾತ್ರಿ ಹಿರಿಯರ ನಡುವೆ ಅಮ್ಮಿ ಹೇಳಿದ್ದೂ ಇಷ್ಟೇ: "ಹೆಸರು ಕೇಳಿಕೊಳ್ಳಿ, ಕೂಸಿಗೆ ಹಾಲು ಕೊಡಿ."