ಕೆರೆ ಒಣಗುವುದೂ ಒಂದು ಕೆಲಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಈ ನಾಲ್ಕು ತಾಲೂಕುಗಳ ಹಳೇ ನಕಾಶೆ ಬಿಚ್ಚಿದರೆ ಮೇಲೆ ಭೀಮೆ, ಕೆಳಗೆ ಕೃಷ್ಣೆ, ನಡುವೆ ಡೋಣಿ. ಮೂರು ಹೊಳಿ ಇದ್ದೂ ನಿಮ್ಮದು ಬರದ ನಾಡು ಹೆಂಗಾತು ಅಂತ ಹೊರಗಿನವರು ಕೇಳ್ತಾರೆ. ಹೊಳಿ ತಗ್ಗಿನಾಗ, ಹೊಲ ದಿನ್ನಿ ಮ್ಯಾಲೆ. ಡೋಣಿ ದಂಡೆಯ ಎರಿ ಮಣ್ಣು ಬಿಳಿಜೋಳಕ್ಕೆ ಬಂಗಾರ, ಆದರೆ ಡೋಣಿಯ ನೀರು ಸವಳು. ಹೀಗಾಗಿ ನಮ್ಮ ಜನ ಬದುಕಿದ್ದು ಮಳೆ, ಬಾವಿ ಮತ್ತು ಕೆರೆ ನಂಬಿ.

1791ರ ಬರವನ್ನು ಇಲ್ಲಿನವರು ‘ಡೋಗಿ ಬರ’ ಅಂದರು. ಡೋಗಿ ಅಂದರೆ ತಲೆಬುರುಡೆ. ಸತ್ತವರನ್ನು ಮಣ್ಣು ಮಾಡುವವರೂ ಉಳಿಯದ ಕಾಲ ಅದು. ಮುಂದೆ 1876–78ರ ಬರ ಬಂತು. ಆಗ ನಮ್ಮದು ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆ. ವಿಜಾಪುರ ಜಿಲ್ಲಾ ಕೇಂದ್ರ ಆದದ್ದು 1885ರಲ್ಲಿ. ಇಂಥ ಬರಗಳನ್ನು ಕಂಡ ನಾಡಿನಲ್ಲಿ ಕೆರೆ ಕಟ್ಟಿಸಿದವರ ಹೆಸರು ದೇವರ ಸಾಲಿಗೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. 12ನೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ. ಸೊಲ್ಲಾಪುರದ ನಡುವೆ ಅದು ಇವತ್ತಿಗೂ ಇದೆ. 1651ರ ಬೇಗಂ ತಲಾಬದಿಂದ ಆದಿಲ್‌ಶಾಹಿಗಳು ಮಣ್ಣಿನ ಕೊಳವೆಯಲ್ಲಿ ವಿಜಾಪುರಕ್ಕೆ ನೀರು ಹರಿಸಿದರು.

ಕಟ್ಟಿಸಿದವರ ಚರಿತ್ರೆ ಬರೆಯುವವರು ಬಹಳ ಮಂದಿ. ನನಗೆ ಮುಖ್ಯ ಅನಿಸುವುದು ಕೆರೆಯ ವರ್ಷದ ಲೆಕ್ಕ. ನಮ್ಮ ಊರುಗೆರೆಗಳು ಹೆಚ್ಚಾಗಿ ಆಳ ಕಡಿಮೆ, ಹರವು ಜಾಸ್ತಿ. ಮಳೆಗಾಲದ ನೀರು ಎರಿ ಹೊಲದ ಮೇಲ್ಮಣ್ಣು, ದನದ ಸಗಣಿ, ಕಸಕಡ್ಡಿ ಎಲ್ಲಾ ಹೊತ್ತು ತರುತ್ತಿತ್ತು. ಅದರಲ್ಲಿರುವ ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡು ತಳ ಸೇರುತ್ತದೆ. ಅಂಚಿನ ಆಪು, ಜೊಂಡು ನೀರಿನ ಓಟ ತಗ್ಗಿಸಿ ಹೂಳು ತಡೆಯುತ್ತಿದ್ದವು. ನೀರೊಳಗಿನ ಪಾಚಿಗಿಡಗಳು ತಳದ ಕೆಸರು ಮೇಲೇಳದಂತೆ ಹಿಡಿದಿಡುತ್ತಿದ್ದವು. ಬೇಸಿಗೆಗೆ ಕೆರೆ ಬತ್ತುತ್ತಿತ್ತು. ಆಗ ರೈತರು ಚಕ್ಕಡಿ ಹೂಡಿ ಹೂಳು ತೆಗೆದು ಹೊಲಕ್ಕೆ ಹಾಕ್ತಿದ್ರು. ಹೊಲದಿಂದ ಹೋದ ಸತ್ವ ಮರಳಿ ಹೊಲಕ್ಕೆ ಬರುತ್ತಿತ್ತು, ಕೆರೆಯೂ ಹಗುರಾಗುತ್ತಿತ್ತು. ಒಣಗುವುದು ಕೆರೆಗೆ ಒಂದು ಕೆಲಸವೇ ಆಗಿತ್ತು ನೋಡ್ರಿ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ದಶಕಗಳ ಮೇಲೆ ಕಾಲುವೆ ಬಂದವು, ಏತ ನೀರಾವರಿ ಬಂತು, ಈಚೆಗೆ ಕೆರೆ ತುಂಬುವ ಯೋಜನೆಯೂ ಬಂತು. ಇದನ್ನು ನಾನು ಹಗುರಾಗಿ ಕಾಣೋದಿಲ್ಲ. ಇಂಡಿಯ ಲಿಂಬಿ ತೋಟಗಳ ಬಾವಿಗೆ ಪಸೆ ಬರುವುದು ಅಂದರೆ ಮನೆತನ ಉಳಿದ ಹಾಗೆ. ಗುಳೆ ಹೋಗುವುದು ತಪ್ಪಿದ್ದರೆ ಅದಕ್ಕಿಂತ ದೊಡ್ಡದೇನು ಬೇಕು?

ಆದರೆ ವರ್ಷವಿಡೀ ನೀರು ನಿಂತ ಕೆರೆಯ ಲೆಕ್ಕ ಬೇರೆ. ಕೋಡಿ ಹರಿಯದಿದ್ದರೆ ಒಳಗೆ ಬಂದ ಗೊಬ್ಬರದ ಅಂಶ, ಊರ ಗಟಾರದ ನೀರು ಹೊರಗೆ ಹೋಗುವುದಿಲ್ಲ. ಹೂಳು ತೆಗೆಯುವ ಬೇಸಿಗೆಯೂ ಸಿಗುವುದಿಲ್ಲ. ದಕ್ಷಿಣ ಅಮೆರಿಕದಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ನೇರಳೆ ಹೂವಿನ ಅಂತರಗಂಗೆಗೆ ಇಂಥದೇ ಜಾಗ ಬೇಕು. ಅದು ಮೇಲೆ ಹಾಸಿಕೊಂಡರೆ ಬಿಸಿಲು ಒಳಗೆ ಇಳಿಯದೆ ತಳದ ಗಿಡಗಳು ಸಾಯುತ್ತವೆ. ಸತ್ತದ್ದು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಆಮ್ಲಜನಕ ಇಲ್ಲದ ಕೆಸರು ಹಿಡಿದಿಟ್ಟ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ, ಅದನ್ನುಂಡು ಇನ್ನಷ್ಟು ಕಳೆ. ಹೊರಗಿನ ಗಟಾರ ನಿಲ್ಲಿಸಿದರೂ ಇಂಥ ಕೆರೆ ವರ್ಷಗಟ್ಟಲೆ ಚೇತರಿಸಿಕೊಳ್ಳುವುದಿಲ್ಲ, ಯಾಕಂದ್ರ ಸಾಲ ತಳದಲ್ಲೇ ಐತಿ.

ಹಾಗಂತ ಕೆರೆ ತುಂಬಬ್ಯಾಡ್ರಿ ಅನ್ನೋದಿಲ್ಲ. ಗಟಾರ ಮೊದಲು ತಿರುಗಿಸೋಣ. ಕಳೆಯನ್ನು ಹೂ ಬಿಡುವ ಮೊದಲೇ ಎಳೆದು ತಿಪ್ಪೆಗೆ ಹಾಕಿ ಗೊಬ್ಬರ ಮಾಡೋಣ. ದಂಡೆಯಲ್ಲೇ ಕೊಳೆಯಲು ಬಿಟ್ಟರೆ ಸತ್ವ ಮತ್ತೆ ಕೆರೆಗೇ ಇಳಿಯುತ್ತದೆ. ಕಾಲುವೆ ನೀರಿನ ಭರವಸೆ ಇರುವ ಊರಲ್ಲಿ ಕೆಲವು ವರ್ಷಕ್ಕೊಮ್ಮೆ ಒಂದು ಬೇಸಿಗೆ ತೂಬು ತೆಗೆದು ಕೆರೆಯನ್ನು ಒಣಗಲು ಬಿಟ್ಟು, ಹೂಳನ್ನು ಹೊಲಕ್ಕೆ ಸಾಗಿಸಬಹುದು. ಅದು ಯಾವ ವರ್ಷ ಅನ್ನೋದನ್ನು ಊರಿನವರೇ ಕೂತು ಗೊತ್ತು ಮಾಡಬೇಕು. ನೀರು ತರೋದು ಸರ್ಕಾರದ ಕೈಲಿ ಆದೀತು, ಹೂಳು ಎತ್ತಬೇಕಾದವರು ಮಾತ್ರ ನಾವೇ.