ಹಿನ್ನೀರ ಊರಿಗೆ ವಿದ್ಯುತ್ ಗಾಡಿ: ಪೈಪೋಟಿ, ಪೂರೈಕೆ ಮತ್ತು ಮಲೆನಾಡು

ಸಾಗರ ತಾಲ್ಲೂಕಿನ ಹೊನ್ನೆಮರಡು ಶರಾವತಿ ಹಿನ್ನೀರಿನ ದಂಡೆಯ ಊರು. ಸಾಗರ ಪೇಟೆಯಿಂದ ಸುಮಾರು 25 ಕಿ.ಮೀ. ದೂರ. ಊರ ಮುಂದೆ ಹರಡಿರುವ ನೀರು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯದು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಪಕ್ಕದ ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟೆಯ ನೀರು 460 ಮೆಗಾವಾಟ್‌ನ ವಾರಾಹಿ ಯೋಜನೆಯನ್ನು ನಡೆಸುತ್ತದೆ. ಹೊಲ, ಮನೆ, ಕಾಡು ಮುಳುಗಿಸಿಕೊಂಡು ನಾಡಿಗೆ ಕರೆಂಟು ಕೊಟ್ಟ ಸೀಮೆ ಇದು. ಈಗ ಕರೆಂಟಿನಲ್ಲಿ ಓಡುವ ಗಾಡಿ ಇದೇ ಸೀಮೆಯ ಬಾಗಿಲಿಗೆ ಬಂದಿದೆ. ಕಂಪನಿಗಳ ಪೈಪೋಟಿಯಿಂದ ಗ್ರಾಹಕನ ಮುಂದಿರುವ ಆಯ್ಕೆ ಹೆಚ್ಚಿದೆ. ಆದರೆ ಬಿಡಿಭಾಗ, ರಿಪೇರಿ, ಚಾರ್ಜಿಂಗ್ ಸೌಕರ್ಯ ಇನ್ನೂ ಊರೊಳಗೆ ಕಾಲಿಟ್ಟಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಈ ಗಾಡಿಯನ್ನು ನಂಬಿ ಕೊಳ್ಳಬಹುದೇ ಎಂಬುದು ಈ ಅಂತರ ತುಂಬುವುದರ ಮೇಲೆ ನಿಂತಿದೆ.

ಕರ್ನಾಟಕದಲ್ಲಿ ಬೆಳೆದ ಉದ್ಯಮ

ಭಾರತದ ವಿದ್ಯುತ್ ವಾಹನದ ಕಥೆಗೆ ಬೆಂಗಳೂರೇ ತವರು. ಚೇತನ್ ಮೈನಿ ಅವರ ರೇವಾ ಕಾರು 2001ರಲ್ಲಿ ಇಲ್ಲಿಂದಲೇ ರಸ್ತೆಗಿಳಿಯಿತು. ಲಂಡನ್ನಿನಲ್ಲಿ ಅದು ಜಿ-ವಿಜ್ ಹೆಸರಿನಲ್ಲಿ ಓಡಿತು. 2010ರಲ್ಲಿ ಮಹೀಂದ್ರಾ ಸಂಸ್ಥೆ ರೇವಾದ ಬಹುಪಾಲು ಷೇರುಗಳನ್ನು ಕೊಂಡಿತು. 2014ರಲ್ಲಿ ಬಿಎಂಟಿಸಿ ವಿದ್ಯುತ್ ಬಸ್ಸನ್ನು ಪ್ರಾಯೋಗಿಕವಾಗಿ ಓಡಿಸಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್ ಎನರ್ಜಿ ತನ್ನ ಮೊದಲ ಸ್ಕೂಟರನ್ನು 2018ರಲ್ಲಿ ಬೆಂಗಳೂರಿನಲ್ಲಿ ಮಾರಿತು. ಓಲಾ ಎಲೆಕ್ಟ್ರಿಕ್ 2021ರ ಆಗಸ್ಟ್ 15ರಂದು ಎಸ್1 ಸ್ಕೂಟರ್ ಬಿಡುಗಡೆ ಮಾಡಿತು.

ಆದರೆ ಈ ಎರಡೂ ಕಂಪನಿಗಳು ದೊಡ್ಡ ಕಾರ್ಖಾನೆ ಕಟ್ಟಿದ್ದು ಗಡಿಯಾಚೆ. ಏಥರ್ ಹೊಸೂರಿಗೆ ಹೋಯಿತು, ಓಲಾ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಗೆ. ವಿನ್ಯಾಸ, ಸಾಫ್ಟ್‌ವೇರ್, ಮುಖ್ಯ ಕಚೇರಿ ಬೆಂಗಳೂರಿನಲ್ಲಿ ಉಳಿದವು. ಕಾರ್ಖಾನೆಯ ಸಾವಿರಾರು ಉದ್ಯೋಗಗಳು ತಮಿಳುನಾಡಿನ ಪಾಲಾದವು. ಕಾರ್ಖಾನೆಗಳನ್ನು ಸೆಳೆಯಲು ರಾಜ್ಯಗಳ ನಡುವೆ ನಡೆಯುವ ಹಣಾಹಣಿಯೂ ಈ ಮಾರುಕಟ್ಟೆಯ ಪೈಪೋಟಿಯ ಒಂದು ಮುಖವೇ.

ಸಬ್ಸಿಡಿ ಇಳಿದಾಗ ಉಳಿದವರು ಯಾರು

2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಫೇಮ್-2 ಯೋಜನೆಯಡಿ ವಿದ್ಯುತ್ ದ್ವಿಚಕ್ರ ವಾಹನಗಳ ಸಬ್ಸಿಡಿಯನ್ನು ಬ್ಯಾಟರಿಯ ಪ್ರತಿ ಕಿಲೋವಾಟ್ ಅವರ್‌ಗೆ 15,000 ರೂಪಾಯಿಗೆ ಏರಿಸಿತು. ಅಂದರೆ 3 ಕಿಲೋವಾಟ್ ಅವರ್ ಬ್ಯಾಟರಿಯ ಸ್ಕೂಟರಿಗೆ 45,000 ರೂಪಾಯಿವರೆಗೆ ಸಿಗುತ್ತಿತ್ತು. 2023ರ ಜೂನ್‌ನಲ್ಲಿ ಅದಕ್ಕೆ ಕತ್ತರಿ ಬಿತ್ತು. ಪಿಎಂ ಇ-ಡ್ರೈವ್ ಯೋಜನೆಯಡಿ 2025ರ ಏಪ್ರಿಲ್‌ನಿಂದ ಒಂದು ಸ್ಕೂಟರಿಗೆ ಸಿಗುವ ಮೊತ್ತ ಹೆಚ್ಚೆಂದರೆ 5,000 ರೂಪಾಯಿಗೆ ಇಳಿಯಿತು. ಇತ್ತ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ಬೈಕು, ಸ್ಕೂಟರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ 5ರಲ್ಲೇ ಇದ್ದರೂ ತೆರಿಗೆಯಿಂದ ಸಿಗುತ್ತಿದ್ದ ಅನುಕೂಲ ಅಷ್ಟರಮಟ್ಟಿಗೆ ಕರಗಿತು.

ಆದರೂ 2024–25ರ ಆರ್ಥಿಕ ವರ್ಷದಲ್ಲಿ ದೇಶದಲ್ಲಿ ನೋಂದಣಿಯಾದ ವಿದ್ಯುತ್ ದ್ವಿಚಕ್ರ ವಾಹನಗಳ ಸಂಖ್ಯೆ 11 ಲಕ್ಷ ದಾಟಿತು. ಆ ವರ್ಷ ಓಲಾ ಮೊದಲ ಸ್ಥಾನದಲ್ಲಿತ್ತು. ಟಿವಿಎಸ್, ಬಜಾಜ್, ಏಥರ್ ಅದರ ಹಿಂದಿದ್ದವು. 2025ರ ಏಪ್ರಿಲ್‌ನಲ್ಲಿ ಟಿವಿಎಸ್ ಮುಂದೆ ಬಂತು. ಪೆಟ್ರೋಲ್ ಗಾಡಿಗಳ ಕಾಲದಿಂದಲೂ ತಾಲ್ಲೂಕು ಮಟ್ಟದವರೆಗೆ ಡೀಲರ್ ಮತ್ತು ಮೆಕ್ಯಾನಿಕ್ ಜಾಲ ಕಟ್ಟಿಕೊಂಡ ಹಳೆಯ ಕಂಪನಿಗಳಿಗೆ ಆ ಜಾಲವೇ ಬಲವಾಯಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಒಂದು ಕಾಲಕ್ಕೆ ಮಾರಾಟದಲ್ಲಿ ಮುಂಚೂಣಿಯಲ್ಲಿದ್ದ ಹೀರೋ ಎಲೆಕ್ಟ್ರಿಕ್ ಸಂಸ್ಥೆಯ ಸಬ್ಸಿಡಿಯನ್ನು, ಸ್ಥಳೀಯ ಬಿಡಿಭಾಗ ಬಳಕೆಯ ನಿಯಮ ಪಾಲಿಸಿಲ್ಲ ಎಂಬ ಕಾರಣಕ್ಕೆ ಕೇಂದ್ರ ತಡೆಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಆ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹೀಗೆ ಒಂದು ಕಂಪನಿ ಕುಸಿದರೆ ಅದರ ಗಾಡಿ ಕೊಂಡವರಿಗೆ ಬ್ಯಾಟರಿ, ಕಂಟ್ರೋಲರ್, ಚಾರ್ಜರ್ ಎಲ್ಲಿಂದ ಬರಬೇಕು ಎಂಬ ಚಿಂತೆ ಶುರುವಾಗುತ್ತದೆ.

ಸೆಲ್ಲು ಮತ್ತು ಆಯಸ್ಕಾಂತ: ಪೂರೈಕೆ ಸರಪಳಿಯ ಎರಡು ಸೂಕ್ಷ್ಮ ಕೊಂಡಿ

ವಿದ್ಯುತ್ ಗಾಡಿಯ ಅತಿ ದುಬಾರಿ ಭಾಗ ಬ್ಯಾಟರಿ. ಬ್ಯಾಟರಿ ಪ್ಯಾಕನ್ನು ಭಾರತದಲ್ಲಿ ಜೋಡಿಸುತ್ತಾರೆ. ಆದರೆ ಒಳಗಿರುವ ಲಿಥಿಯಂ ಅಯಾನ್ ಸೆಲ್ಲುಗಳು ಬಹುಪಾಲು ಚೀನಾ, ದಕ್ಷಿಣ ಕೊರಿಯಾದಂಥ ದೇಶಗಳಿಂದ ಬರುತ್ತವೆ. ಬೆಂಗಳೂರಿನ ದೇವನಹಳ್ಳಿ ಬಳಿ ಎಕ್ಸೈಡ್ ಎನರ್ಜಿ ಸಲ್ಯೂಷನ್ಸ್ 12 ಗಿಗಾವಾಟ್ ಅವರ್ ಸಾಮರ್ಥ್ಯದ ಸೆಲ್ ಕಾರ್ಖಾನೆಯನ್ನು ಎರಡು ಹಂತಗಳಲ್ಲಿ ಕಟ್ಟಲು ಹೊರಟಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಸುಮಾರು 1,600 ಟನ್ ಲಿಥಿಯಂ ಇರುವ ಅಂದಾಜು ಮಾಡಿದೆ. ದೇಶದ ಅಗತ್ಯದ ಮುಂದೆ ಅದು ಸಣ್ಣ ನಿಕ್ಷೇಪ. ಅದಿರು ಅಗೆದು, ಶುದ್ಧೀಕರಿಸಿ, ಸೆಲ್ಲಾಗಿಸುವ ಸಾಮರ್ಥ್ಯ ಬೆಳೆಯುವ ತನಕ ಗಾಡಿಯ ಬೆಲೆ ಹೊರಗಿನ ಮಾರುಕಟ್ಟೆಯ ಏರಿಳಿತಕ್ಕೆ ಬಗ್ಗಲೇಬೇಕು.

ಇನ್ನೊಂದು ಕೊಂಡಿ ಮೋಟಾರಿನ ಆಯಸ್ಕಾಂತ. ಈಗಿನ ಹೆಚ್ಚಿನ ವಿದ್ಯುತ್ ಗಾಡಿಗಳ ಮೋಟಾರಿನಲ್ಲಿ ನಿಯೋಡಿಮಿಯಂ ಆಯಸ್ಕಾಂತಗಳಿರುತ್ತವೆ. ಮೋಟಾರು ಕಾದಾಗಲೂ ಅವುಗಳ ಶಕ್ತಿ ಕುಂದದಿರಲೆಂದು ಡಿಸ್ಪ್ರೋಸಿಯಂ, ಟರ್ಬಿಯಂಗಳನ್ನು ಚೂರು ಪ್ರಮಾಣದಲ್ಲಿ ಬೆರೆಸುತ್ತಾರೆ. ಇಂಥ ಆಯಸ್ಕಾಂತಗಳಲ್ಲಿ ಶೇ 90ರಷ್ಟು ತಯಾರಾಗುವುದು ಚೀನಾದಲ್ಲಿ. 2025ರ ಏಪ್ರಿಲ್ 4ರಂದು ಚೀನಾ ಇವೆರಡೂ ಸೇರಿದಂತೆ ಏಳು ವಿರಳ ಲೋಹಗಳ ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿತು. ಕೆಲವೇ ತಿಂಗಳಲ್ಲಿ ಭಾರತದ ಕಾರ್ಖಾನೆಗಳಿಗೆ ಬಿಸಿ ತಟ್ಟಿತು. ಚೇತಕ್ ಸ್ಕೂಟರಿನ ಆಗಸ್ಟ್ ತಿಂಗಳ ಉತ್ಪಾದನೆ ಪೂರ್ತಿ ನಿಲ್ಲುವ ಸಂಭವವಿದೆ ಎಂದು ಬಜಾಜ್ ಆಟೊ ಎಚ್ಚರಿಸಿತು. ಆಯಸ್ಕಾಂತಗಳನ್ನು ದೇಶದಲ್ಲೇ ತಯಾರಿಸಲು ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಿರಳ ಲೋಹ ಬೇಡದ ಫೆರೈಟ್ ಆಯಸ್ಕಾಂತದ ಮೋಟಾರುಗಳತ್ತಲೂ ಕಂಪನಿಗಳು ಕೈಚಾಚಿವೆ.

ಘಟ್ಟದ ಲೆಕ್ಕ, ಮಳೆಯ ಲೆಕ್ಕ

ಷೋರೂಮಿನಲ್ಲಿ ಹೇಳುವ ಮೈಲೇಜು ಸಮತಟ್ಟು ರಸ್ತೆಯದು. ಮಲೆನಾಡಿನಲ್ಲಿ ಲೆಕ್ಕವೇ ಬೇರೆ. ಘಟ್ಟದ ಬುಡದ ಸೋಮೇಶ್ವರದಿಂದ ಆಗುಂಬೆಗೆ 14 ತಿರುವುಗಳಲ್ಲಿ ಸುಮಾರು 500 ಮೀಟರ್ ಏರಬೇಕು. ಗಾಡಿ 120 ಕೆ.ಜಿ., ಕೂತ ಇಬ್ಬರು 130 ಕೆ.ಜಿ. ಎಂದಿಟ್ಟುಕೊಳ್ಳಿ. ಇಷ್ಟು ಭಾರವನ್ನು ಆ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 0.34 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಅವರ್). ಮೋಟಾರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ 0.4 ಯೂನಿಟ್ ದಾಟುತ್ತದೆ. ರಸ್ತೆಯುದ್ದಕ್ಕೂ ಉರುಳಲು ಬೇಕಾದ ಕರೆಂಟು ಇದರ ಮೇಲೆ. 3 ಯೂನಿಟ್ ಬ್ಯಾಟರಿಯಲ್ಲಿ ಸುಮಾರು ಏಳನೇ ಒಂದು ಭಾಗ ಬರೀ ಏರಿಗೇ ಹೋಯಿತು. ಇಳಿಯುವಾಗ ಮೋಟಾರು ಜನರೇಟರಾಗಿ ಕೆಲಸ ಮಾಡಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ, ಬ್ರೇಕಿನ ಸವೆತವನ್ನೂ ತಗ್ಗಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದಾಗ ಆ ಕರೆಂಟಿಗೆ ಜಾಗವಿರುವುದಿಲ್ಲ. ಹಾಗಾಗಿ ಘಟ್ಟದ ಮೇಲಿನ ಊರಿನಿಂದ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯುವವರು ಬ್ರೇಕನ್ನೇ ನೆಚ್ಚಬೇಕು.

ಮಳೆಯ ವಿಷಯದಲ್ಲಿ ನೋಡಬೇಕಾದ್ದು ಬ್ಯಾಟರಿ, ಮೋಟಾರುಗಳ ಐಪಿ ದರ್ಜೆ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ನುಗ್ಗದು ಎಂದರ್ಥ. ಅದು ಹೊಸ ಗಾಡಿಯ ಪರೀಕ್ಷೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ಗಾಡಿಯ ಕನೆಕ್ಟರ್, ವೈರಿಂಗ್‌ಗಳನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರು ಬಿಚ್ಚಿ ನೋಡಬೇಕು.

ಚಾರ್ಜಿಂಗ್: ಮನೆಯಲ್ಲೂ ದಾರಿಯಲ್ಲೂ

ಹಳ್ಳಿಯಲ್ಲಿ ಮನೆಯೇ ಚಾರ್ಜಿಂಗ್ ಕೇಂದ್ರ. 3 ಯೂನಿಟ್ ಬ್ಯಾಟರಿ ತುಂಬಲು ಸುಮಾರು ಮೂರೂವರೆ ಯೂನಿಟ್ ಕರೆಂಟು ಬೇಕು. ಮನೆ ದರದಲ್ಲಿ 20 ರೂಪಾಯಿಯ ಆಸುಪಾಸು. ಸರಿಯಾದ ಅರ್ಥಿಂಗ್ ಇರುವ 15 ಆಂಪ್ ಪ್ಲಗ್ ಸಾಕು. ಗೃಹಜ್ಯೋತಿ ಫಲಾನುಭವಿಗಳು ಒಂದು ಲೆಕ್ಕ ಇಟ್ಟುಕೊಳ್ಳಬೇಕು: ಉಚಿತ ಯೂನಿಟ್ಟಿನ ಮಿತಿ ಅವರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿರುತ್ತದೆ. ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಮೆಸ್ಕಾಂ ಲೈನ್‌ಮನ್‌ಗಳು ಬಂದು ಸರಿಪಡಿಸುವ ತನಕ ಗಾಡಿ ಚಾರ್ಜಾಗದು. ದಾರಿಯಲ್ಲಿ ಚಾರ್ಜ್ ಮಾಡೋಣವೆಂದರೆ, 2024ರ ಕೊನೆಗೆ ರಾಜ್ಯದಲ್ಲಿದ್ದ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು. ಕೆಎಸ್‌ಆರ್‌ಟಿಸಿಯ ಇವಿ ಪವರ್ ಪ್ಲಸ್ ಬಸ್ಸು ಶಿವಮೊಗ್ಗಕ್ಕೆ ಬಂದಿದೆ. ಅಲ್ಲಿಂದಾಚೆಯ ಮಲೆನಾಡಿಗೂ ಚಾರ್ಜಿಂಗ್ ಸೌಕರ್ಯ ಹಬ್ಬಬೇಕು. ಪ್ಲಗ್ಗಿನದೂ ಒಂದು ತೊಡಕು. ಏಥರ್ ಅಭಿವೃದ್ಧಿಪಡಿಸಿದ ಕನೆಕ್ಟರನ್ನು ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಮಾನಕವಾಗಿ ಒಪ್ಪಿತು. ಹೀರೋ ಮೋಟೊಕಾರ್ಪ್‌ನ ವಿಡಾ ಅದನ್ನು ಬಳಸುತ್ತದೆ. ಆದರೆ ಎಲ್ಲ ಕಂಪನಿಗಳೂ ಒಂದೇ ಪ್ಲಗ್ಗಿಗೆ ಬಂದಿಲ್ಲ. ಬೆಂಗಳೂರಿನಲ್ಲಿ ಇದು ಸಣ್ಣ ಕಿರಿಕಿರಿ. ಇಡೀ ದಾರಿಗೆ ಒಂದೇ ಚಾರ್ಜರ್ ಇರುವ ಕಡೆ ಅದು ಹೊಂದದಿದ್ದರೆ ಪ್ರಯಾಣವೇ ನಿಲ್ಲುತ್ತದೆ.

ರಿಪೇರಿ: ಎಲ್ಲಕ್ಕಿಂತ ದೊಡ್ಡ ಕೊರತೆ

ರಿಪೇರಿಯ ಗೋಳು ಮಲೆನಾಡಿಗಷ್ಟೇ ಸೀಮಿತವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ಗಾಡಿ ದುರಸ್ತಿಗೆ ಅಲೆದು ಬೇಸತ್ತ ಗ್ರಾಹಕನೊಬ್ಬ ಸ್ಕೂಟರ್ ಷೋರೂಮಿಗೇ ಬೆಂಕಿ ಹಚ್ಚಿದ. ಅದು ಅಪರಾಧ, ಸರಿ. ಆದರೆ ಆ ಸಿಟ್ಟಿನ ಹಿಂದಿದ್ದ ಸಮಸ್ಯೆ ನಿಜವಾದದ್ದು. ಪೆಟ್ರೋಲ್ ಗಾಡಿ ಕೆಟ್ಟರೆ ಪೇಟೆಯ ಯಾವ ಮೆಕ್ಯಾನಿಕ್ಕೂ ಬಿಚ್ಚಿ ನೋಡಬಲ್ಲ. ವಿದ್ಯುತ್ ಗಾಡಿಯ ದೋಷ ಹಿಡಿಯಲು ಕಂಪನಿಯ ಸಾಫ್ಟ್‌ವೇರ್ ಬೇಕು, ಬದಲಿಸಲು ಕಂಪನಿಯದೇ ಬಿಡಿಭಾಗ ಬೇಕು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ ಭಾಗದವರು ಸಾಗರಕ್ಕೆ ಬರಲು ಲಾಂಚ್ ಕಾಯಬೇಕಿಲ್ಲ. ಆದರೆ ಕೆಟ್ಟ ಕಂಟ್ರೋಲರ್ ಸಾಗರದಲ್ಲಿ ಸಿಗದೆ, ಸುಮಾರು 70 ಕಿ.ಮೀ. ದೂರದ ಶಿವಮೊಗ್ಗಕ್ಕೋ ಅಲ್ಲಿಂದ ಬೆಂಗಳೂರಿಗೋ ಕೈಚಾಚಬೇಕಾದರೆ ಸೇತುವೆಯ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ.

ಕೊಳ್ಳುವ ಮುನ್ನ, ಆಳುವವರ ಮುಂದೆ

ಕೊಳ್ಳುವವರು ಬೆಲೆಗಿಂತ ಮೊದಲು ಮೂರು ವಿಷಯ ವಿಚಾರಿಸಬೇಕು: ತಾಲ್ಲೂಕಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ, ಬ್ಯಾಟರಿ ವಾರಂಟಿ ಎಷ್ಟು. ಕೆಲವು ಕಂಪನಿಗಳು 8 ವರ್ಷ ಅಥವಾ 80,000 ಕಿ.ಮೀ.ವರೆಗಿನ ವಾರಂಟಿ ಕೊಡುತ್ತಿವೆ. ಅದರ ಷರತ್ತುಗಳನ್ನು ಬರಹದಲ್ಲಿ ಓದಿಯೇ ಹಣ ಕಟ್ಟಬೇಕು.

ಸರ್ಕಾರದ ಪಾಲಿನ ಕೆಲಸವೂ ಸ್ಪಷ್ಟವಿದೆ. ಜೋಗ, ಸಿಗಂದೂರು, ಹೊನ್ನೆಮರಡು, ಕುಪ್ಪಳಿ, ಆಗುಂಬೆಯಂಥ ಪ್ರವಾಸಿ ತಾಣಗಳಲ್ಲಿ ಎಲ್ಲ ಗಾಡಿಗೂ ಹೊಂದುವ ಚಾರ್ಜರ್ ಇಡಬೇಕು. ಐಟಿಐಗಳಲ್ಲಿ ಬ್ಯಾಟರಿ, ಮೋಟಾರು ರಿಪೇರಿ ಕಲಿಸಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರ ಕೈಗೆ ಕೆಲಸ ಕೊಡಬೇಕು. ಮಾರಾಟ ನಿಲ್ಲಿಸಿದ ಮೇಲೂ ಕಂಪನಿಗಳು ಇಂತಿಷ್ಟು ವರ್ಷ ಬಿಡಿಭಾಗ ಒದಗಿಸುವಂತೆ ಕಾನೂನು ಬಿಗಿಯಾಗಬೇಕು. ಕರೆಂಟು ಹುಟ್ಟುವ ಸೀಮೆಯ ಜನ ಆ ಕರೆಂಟಿನ ಗಾಡಿಯನ್ನು ನಿಶ್ಚಿಂತೆಯಿಂದ ಓಡಿಸುವಂತಾಗಬೇಕು. ಅದು ಅವರಿಗೆ ಮಾಡುವ ಉಪಕಾರವಲ್ಲ, ನ್ಯಾಯವಾಗಿ ಸಲ್ಲಬೇಕಾದ ಪಾಲು.